ಎದುರು ಫ್ಲಾಟಿನ ಮೇಡಂ

"ಬೃಂದಾ! ಬಾಗಿಲು ತೆಗೀರಿ! ಬೇಗ!"

ಯಾರ ಮುಖ ನೋಡಬಾರದು ಅಂತ ಬೃಂದಾ ಎರಡು ತಿಂಗಳಿಂದ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳೋ, ಅದೇ ಮನುಷ್ಯ ಬಾಗಿಲು ಬಡಿಯುತ್ತಿದ್ದ. ಎದುರು ಫ್ಲಾಟಿನ ಮನೀಷ್!

ಬಾಗಿಲು ತೆರೆದದ್ದೇ ತಡ, ಅವನು ಸೀದಾ ಒಳಗೆ ನುಗ್ಗಿದ. ಹಾಲ್ ನಡುವೆ ಉರಿಯುತ್ತಿದ್ದ ಇದ್ದಿಲಿನ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಬಾಲ್ಕನಿಗೆ ಒಯ್ದಿಟ್ಟ. ಮನೆಯ ಕಿಟಕಿಗಳನ್ನೆಲ್ಲ ತೆರೆದ. ಚಳಿಗಾಳಿ ರೊಯ್ಯನೆ ಒಳಗೆ ಬಂತು.

"ಅಯ್ಯೋ, ನನ್ನ ಕೆಂಡ!" ಬೃಂದಾಳ ತಾಯಿ ಭಾಗೀರಥಮ್ಮ ಶಾಲು ಹೊದ್ದುಕೊಂಡೇ ಕೂಗಿದರು.

"ಕಿಟಕಿ ಮುಚ್ಚಿ ಇದ್ದಿಲು ಹಚ್ತಾರಾ ಅಮ್ಮಾ? ನಿದ್ದೆ ಬಂದ ಹಾಗಾಗುತ್ತೆ ಅಷ್ಟೇ, ಆಮೇಲೆ ಏಳೋದೇ ಇಲ್ಲ! ಕಾರಿಡಾರಿನವರೆಗೂ ವಾಸನೆ ಬಂತು."

ಬೃಂದಾಗೆ ಆಗಲೇ ತಲೆ ಭಾರವಾಗಿತ್ತು. ಚಳಿಗೆ ಇರಬೇಕು ಅಂದುಕೊಂಡಿದ್ದಳು. ಈಗ ಅರ್ಥವಾಯಿತು. ಆದರೂ ಬಾಯಿಂದ ಬಂದದ್ದು ಒಂದೇ ಮಾತು.

"ಥ್ಯಾಂಕ್ಸ್. ಇನ್ನು ನೀವು ಹೊರಡಬಹುದು."

ಕುವೈತ್ ಅಂದರೆ ಬರೀ ಬಿಸಿಲು ಅಂತ ತಿಳಿದವರು ಜನವರಿಯಲ್ಲಿ ಫಹಾಹೀಲಿಗೆ ಬಂದು ನೋಡಬೇಕು. ಅವತ್ತು ಮಧ್ಯಾಹ್ನ ಆಲಿಕಲ್ಲು ಸುರಿದು ರಸ್ತೆಯೆಲ್ಲ ಬೆಳ್ಳಗಾಗಿತ್ತು. ನೀರು ಬೇಸ್‌ಮೆಂಟಿಗೆ ನುಗ್ಗಿ ಮೇನ್ ಸ್ವಿಚ್ ಸುಟ್ಟು ಹೋಗಿತ್ತು. ಹೀಟರ್, ಗೀಸರ್, ಲಿಫ್ಟ್ ಒಂದೂ ಇಲ್ಲ. ಸಂಜೆಯಾಗುವಷ್ಟರಲ್ಲಿ ಫೋನುಗಳೂ ಸತ್ತಿದ್ದವು. ಮಂಡ್ಯದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಭಾಗೀರಥಮ್ಮ, ಬಾಣಂತಿ ಕೋಣೆಗೆ ಕೆಂಡ ಇಟ್ಟ ಹಾಗೆ ಹಾಲಿಗೆ ಕೆಂಡ ಇಟ್ಟಿದ್ದರು, ಪಾಪ!

ಮನೀಷ್ ಹೋಗುವುದೇನೋ ಹೋದ. ಆದರೆ ಎರಡೇ ನಿಮಿಷದಲ್ಲಿ ಎರಡು ರಜಾಯಿ ಹೊತ್ತುಕೊಂಡು ವಾಪಸ್ ಬಂದ. ಮರುಭೂಮಿಯಲ್ಲಿ ಟೆಂಟ್ ಹಾಕುವಾಗ ಹೊದೆಯುವಂಥವು. ಭಾಗೀರಥಮ್ಮನಿಗೆ ತಾನೇ ಹೊದಿಸಿದ.

ಬೃಂದಾ ಅಡುಗೆಮನೆಗೆ ಹೋಗಿ ಗ್ಯಾಸ್ ಮೇಲೆ ಚಹಾಕ್ಕಿಟ್ಟಳು. ಸದ್ಯ, ಅದೊಂದು ಕರೆಂಟಿಲ್ಲದೆ ನಡೆಯುತ್ತಿತ್ತು.

'ಯಾಕೆ ಇಷ್ಟು ಒಳ್ಳೆಯವನಾಗಿರ್ತೀಯೋ... ಕೆಟ್ಟವನಾಗಿದ್ದಿದ್ರೆ ಮರೆಯೋಕೆ ಸುಲಭ ಆಗ್ತಿತ್ತು!'

ಅವಳು ಅಹ್ಮದಿಯ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಅವನು ಅದೇ ಅಹ್ಮದಿಯ ತೈಲ ಕಂಪನಿಯಲ್ಲಿ ಇಂಜಿನಿಯರ್. ವರ್ಷವಿಡೀ ಅವನ ಕಾರಿನಲ್ಲೇ ಓಡಾಡಿದ್ದಳು. ದಾರಿಯುದ್ದಕ್ಕೂ ಜಗಳ, ನಗು, ಹುರಿಗಡಲೆ! ಒಂದು ಗುರುವಾರ ಅವನು, "ನಾಳೆ ಕಾಫಿಗೆ ಬನ್ನಿ, ಒಂದು ವಿಷಯ ಹೇಳ್ಬೇಕು" ಅಂದಿದ್ದ. ಅವಳಿಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಅದೇ ಸಂಜೆ ಬಿಲ್ಡಿಂಗಿನ ವಾಚ್‌ಮನ್ ನೌಷಾದ್ ಮಾತಿನ ನಡುವೆ ಹೇಳಿದ್ದ: "ಮನೀಷ್ ಸರ್‌ದು ಮೇಡಂ ಊರಿಂದ ಬರ್ಲಿಕ್ಕುಂಟಂತೆ."

ಮದುವೆಯಾದವನು! ಬೃಂದಾ ಕಾಫಿಗೆ ಹೋಗಲಿಲ್ಲ. ಕಾರನ್ನೂ ಬಿಟ್ಟಳು. ಒಂದು ಮಾತು ಕೇಳಬಹುದಿತ್ತಲ್ಲ ಅನ್ನುತ್ತೀರಾ? ಹೌದು, ಕೇಳಬಹುದಿತ್ತು! ಅವನು 'ಹೌದು' ಅಂದುಬಿಟ್ಟರೆ ಅನ್ನುವ ಭಯಕ್ಕೇ ಕೇಳಲಿಲ್ಲ.

ಚಹಾ ತಂದಾಗ ಭಾಗೀರಥಮ್ಮ ಮಾತಿಗಿಳಿದಿದ್ದರು. ಕರೆಂಟಿನ ಸುದ್ದಿ ಹೇಳಲು ನೌಷಾದನೂ ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಮನೀಷಪ್ಪಾ, ನನ್ ಫೋನಿಗೆ ಒಂಚೂರು ಚಾರ್ಜ್ ಸಿಗುತ್ತಾ?"

"ತಗೊಳ್ಳಿ ಅಮ್ಮಾ." ಅವನು ಪವರ್ ಬ್ಯಾಂಕ್ ಚುಚ್ಚಿಕೊಟ್ಟ.

"ಬದುಕಿದೆ! ನಾಳೆ ಅಮಾವಾಸ್ಯೆ. ಇವಳನ್ನ ಒಪ್ಪಿರೋ ಗಂಡಿನ ಕಡೆಯೋರಿಗೆ ಇವತ್ತೇ 'ಹ್ಞೂಂ' ಅಂದ್ಬಿಡ್ಬೇಕು."

ಮನೀಷನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಬೃಂದಾ... ನೀವು ಒಪ್ಪಿದ್ದೀರಾ?"

"ನಾನೇನು ಮಾಡಿದ್ರೆ ನಿಮಗೇನ್ರೀ?" ಅವಳು ಮುಖ ತಿರುಗಿಸಿದಳು. "ನಿಮ್ಮ ಮೇಡಂ ಬರ್ತಾರಲ್ಲ, ಅವರನ್ನ ಕೇಳ್ಕೊಳ್ಳಿ!"

"ಯಾವ ಮೇಡಂ?"

"ಹೌದು ಸರ್, ಯಾವಾಗ ಬರುದು ಅವರು?" ಅಂದ ನೌಷಾದ್. "ವರ್ಷ ಆಯ್ತಲ್ಲ, ಓನರ್ ಮೊನ್ನೆಯೂ ಕೇಳಿದ್ರು."

ಮನೀಷ್ ಇಬ್ಬರನ್ನೂ ನೋಡಿದ. ವಿಷಯ ಹೊಳೆಯಿತು. ಹಣೆ ಹಣೆ ಚಚ್ಚಿಕೊಂಡ.

"ನೌಷಾದ್ ಭಾಯಿ, ನನಗೆ ಮದುವೆನೇ ಆಗಿಲ್ಲ! ಫ್ಯಾಮಿಲಿ ಬಿಲ್ಡಿಂಗಲ್ಲಿ ಬ್ಯಾಚುಲರ್‌ಗೆ ಮನೆ ಕೊಡಲ್ಲ. ಅದಕ್ಕೇ ಹೆಂಡ್ತಿ ಊರಲ್ಲಿದ್ದಾಳೆ, ಬರ್ತಾಳೆ ಅಂತ ಸುಳ್ಳು ಹೇಳಿದ್ದೆ."

"ಅಲ್ಲಾ! ಎಂತ ಮಾರಾಯ್ರೆ! ಗೊತ್ತಾದ್ರೆ ನಿಮ್ಮ ಮನೆ ಖಲಾಸ್!"

"ಹೋದ್ರೆ ಹೋಗ್ಲಿ. ಮನೆ ಇನ್ನೊಂದು ಸಿಗುತ್ತೆ." ಅವನು ಬೃಂದಾಳ ಕಡೆ ತಿರುಗಿದ. "ಇವರು ಸಿಗಲ್ಲ. ಬೃಂದಾ, ನಿಮ್ಮನ್ನ ಪ್ರೀತಿಸ್ತೀನಿ. ಅವತ್ತು ಇದನ್ನೇ ಹೇಳೋಕೆ ಕರೆದಿದ್ದೆ. ನೀವು ಬರಲಿಲ್ಲ... ನಾನು ಇಷ್ಟ ಇಲ್ಲ ಅಂದ್ಕೊಂಡೆ."

ಬೃಂದಾಗೆ ಅಳು, ನಗು ಎರಡೂ ಒಟ್ಟಿಗೇ ಬಂತು. "ಎರಡು ತಿಂಗಳು ನಾಲ್ಕು ಮಹಡಿ ಹತ್ತಿ ಇಳಿದಿದ್ದೀನಿ ಗೊತ್ತಾ? ನನ್ನ ಮಂಡಿಗೇ ಫಿಸಿಯೋಥೆರಪಿ ಬೇಕು ಈಗ!"

ಭಾಗೀರಥಮ್ಮ ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು. ಫೋನಿನಿಂದ ಪವರ್ ಬ್ಯಾಂಕ್ ಕಿತ್ತು ಅವನ ಕೈಗಿಟ್ಟರು.

"ಯಾವೂರಪ್ಪ ನಿಂದು?"

"ಹಾಸನ ಅಮ್ಮಾ."

"ಹಾಸನವಾ... ದೂರ ಏನಿಲ್ಲ ಬಿಡು. ಅವರಿಗೇನ್ ಹೇಳ್ಲೇ ಬೃಂದಾ?"

"ಬೇಡ ಅಂತ ಹೇಳಮ್ಮ."

"ಹಂಗಾದ್ರೆ ಅದಕ್ಕೂ ಚಾರ್ಜ್ ಬೇಕಲ್ಲೋ, ತಾ ಇಲ್ಲಿ!"

ಎಲ್ಲರೂ ನಕ್ಕರು. ನೌಷಾದ್ ಮಾತ್ರ ತಲೆ ಕೆರೆದುಕೊಂಡ. "ನಗುದು ಸರಿ. ಓನರ್‌ಗೆ ನಾನು ಎಂತ ಹೇಳುದು?"

"ಮೇಡಂ ಬರ್ತಾರೆ ಅಂತಾನೇ ಹೇಳಿ ಭಾಯಿ," ಅಂದಳು ಬೃಂದಾ. "ಈ ಸಲ ಸುಳ್ಳಲ್ಲ."

ಮನೀಷ್ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಎಲ್ಲಿಂದ ಬರ್ತಾರಂತೆ?"

"ಎದುರು ಫ್ಲಾಟಿಂದ." ತಣ್ಣಗಾಗಿದ್ದ ಅವನ ಕೈಗೆ ಇನ್ನೊಂದು ಬಿಸಿ ಚಹಾ ಲೋಟವಿಟ್ಟು, ಅವಳು ತನ್ನ ಕೈ ತೆಗೆಯಲಿಲ್ಲ. "ಲಿಫ್ಟೂ ಬೇಡ, ಮೆಟ್ಟಿಲೂ ಬೇಡ."