ಸ್ಟೂರ್ವಾಟ್ನದ ಬರ್ಚ್ ಟೊಂಗೆಗಳು

ಮಾರ್ಚ್ ಇಪ್ಪತ್ತೊಂದು, ಗುರುವಾರ, ಬೆಳಗಿನ ಎಂಟೂವರೆ. ಹೇಗರ್‌ಸೆಟ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸಿವರ್ಟ್ ಮೋಯೆನ್ ಎರಡನೇ ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ರಾಗ್ನಿ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಹುಬ್ಬಿನ ಮೇಲೆ ಹಿಮ, ಮೈತುಂಬ ನಾಯಿಯ ವಾಸನೆ. ಬೆಟ್ಟದ ರೆಸಾರ್ಟಿಗೆ ಬಂದವರನ್ನು ನಾಯಿಬಂಡಿಯಲ್ಲಿ ಸುತ್ತಿಸುವವಳು ಅವಳೇ. ಅಂಗಳದ ತುಂಬ ನಾಯಿ ಸಾಕಿದ್ದಾಳೆ. ಅವಳ ದನಿಗಿಂತ ಆ ನಾಯಿಗಳ ದನಿಯೇ ಮೆತ್ತಗೆ ಎಂದು ಊರಿನವರು ಹೇಳುವುದುಂಟು.

"ಯಾರೋ ನನ್ನ ಜನರನ್ನ ಮುಳುಗಿಸೋಕೆ ನೋಡ್ತಿದಾರೆ ಸಿವರ್ಟ್. ಬರ್ಕೋ."

"ಮೊದಲು ಕೂತ್ಕೋ."

"ಕೂರಲ್ಲ. ಬರ್ಕೋ ಅಂದೆ."

ಸಿವರ್ಟ್ ಬರೆದುಕೊಂಡ. ಶನಿವಾರ ಆರು ಬಂಡಿ, ಹನ್ನೆರಡು ಜನ ಅತಿಥಿಗಳು. ಹೆಪ್ಪುಗಟ್ಟಿದ ಸ್ಟೂರ್ವಾಟ್ನ ಸರೋವರ ದಾಟಿ ಆಚೆ ದಂಡೆಯ ಗುಡಿಸಲಿಗೆ ಹೋಗುವುದು, ಅಲ್ಲಿ ಅಚ್ಚಿನ ಕಾವಲಿಯಲ್ಲಿ ವಾಫಲ್ ದೋಸೆ ಹುಯ್ದು ತಿನ್ನುವುದು, ಸಂಜೆಯೊಳಗೆ ವಾಪಸು ಬರುವುದು. ಯಾರು ಯಾವ ಬಂಡಿಯಲ್ಲಿ, ಯಾವ ನಾಯಿ ಯಾವುದರ ಪಕ್ಕ ಎಂದು ರಾಗ್ನಿ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು. ದಾರಿಗುಂಟ ಬರ್ಚ್ ಮರದ ಟೊಂಗೆಗಳನ್ನೂ ಸೋಮವಾರವೇ ನೆಟ್ಟಿದ್ದಳು. ಈಸ್ಟರ್ ಹಬ್ಬಕ್ಕೆ ಮುಂಚೆ ಇಲ್ಲಿ ಎಲ್ಲ ಸರೋವರಗಳ ಮೇಲೂ ಹೀಗೆ ಟೊಂಗೆ ನೆಡುತ್ತಾರೆ. ಮಂಜು ಕವಿದಾಗ ಜನ ಒಂದು ಟೊಂಗೆಯಿಂದ ಇನ್ನೊಂದಕ್ಕೆ ಕಣ್ಣು ನೆಟ್ಟು ಹೋಗುತ್ತಾರೆ. ಪಾದ್ರಿಯ ಮಾತನ್ನು ನಂಬದವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ, ಟೊಂಗೆಯನ್ನು ನಂಬದವರು ಒಬ್ಬರೂ ಇಲ್ಲ.

"ಇವತ್ತು ಬೆಳಗ್ಗೆ ನೋಡ್ಕೊಂಡು ಬರೋಣ ಅಂತ ಮಂಜಲ್ಲೇ ಒಂದು ಬಂಡಿ ಕಟ್ಟಿದೆ," ಎಂದಳು ರಾಗ್ನಿ. "ಅರ್ಧ ದಾರೀಲಿ ಮುಂದಿನ ನಾಯಿ ಕೂತುಬಿಡ್ತು. ಬೈದೆ, ಮುದ್ದು ಮಾಡ್ದೆ, ಊಹೂಂ. ಇಳಿದು ನಾಲ್ಕು ಹೆಜ್ಜೆ ಮುಂದೆ ಹೋದ್ರೆ ಕಾಲಡಿ ನೀರಿನ ಸದ್ದು."

"ದಾರಿ ಎಲ್ಲಿರ್ಬೇಕಿತ್ತು?"

"ದಕ್ಷಿಣ ದಂಡೆಗುಂಟ."

"ಈಗ?"

"ಉತ್ತರಕ್ಕೆ. ಹೊಳೆ ಬಂದು ಸೇರೋ ಬಾಯಿಗೆ. ಅಲ್ಲಿ ಐಸು ಯಾವಾಗ್ಲೂ ತೆಳ್ಳಗೆ."

"ಅನುಮಾನ ಯಾರ ಮೇಲೆ?"

"ಯೋರನ್ ಮೇಲೆ. ಇನ್ಯಾರ ಮೇಲೆ!"

ಯೋರನ್ ಹಿಮದ ಸ್ಕೂಟರ್ ಬಾಡಿಗೆಗೆ ಕೊಡುವವನು. ಅವನ ಸ್ಕೂಟರ್ ಸದ್ದಿಗೆ ರಾಗ್ನಿಯ ನಾಯಿಗಳು ಬೆದರುತ್ತವೆ, ಅವಳ ನಾಯಿಗಳ ಊಳಿಗೆ ಅವನ ಗಿರಾಕಿಗಳು ನಿದ್ದೆಗೆಡುತ್ತಾರೆ. ಒಂಬತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಸಿವರ್ಟ್, ಕಾನ್‌ಸ್ಟೇಬಲ್ ಟೋನೆ ಮತ್ತು ರಾಗ್ನಿ ಸರೋವರಕ್ಕೆ ಇಳಿದರು. ಪಂಚರಾಗಿ ಹೋಟೆಲಿನ ಅಡುಗೆಯವನೂ ಅಂಚೆಯಾಕೆಯೂ ಬಂದರು. ಮಂಜು ಇನ್ನೂ ಹರಿದಿರಲಿಲ್ಲ. ಕೆಳಗೂ ಬಿಳುಪು, ಮೇಲೂ ಬಿಳುಪು. ಆಕಾಶ ಎಲ್ಲಿ ಮುಗಿಯಿತು, ಸರೋವರ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಟೊಂಗೆಗಳು ಮಾತ್ರ ಒಂದಾದ ಮೇಲೊಂದು, ಯಾವುದಕ್ಕೂ ಅಂಟದೆ ಗಾಳಿಯಲ್ಲೇ ನಿಂತ ಹಾಗೆ ಕಾಣುತ್ತಿದ್ದವು. ನಡೆಯುತ್ತ ನಡೆಯುತ್ತ ಸಿವರ್ಟ್‌ಗೆ ತಾನು ಯಾಕೆ ಬಂದೆ ಎನ್ನುವುದೇ ಒಂದು ಗಳಿಗೆ ಮರೆತುಹೋಯಿತು. ಹೀಗೇ ನಡೆದುಕೊಂಡು ಹೋಗಿಬಿಡೋಣ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ಭಯವಾಯಿತು.

"ಸರ್, ಇಲ್ಲಿ ನಿಲ್ಲಿ," ಎಂದು ಟೋನೆ ಬೈರಿಗೆ ಹಾಕಿದಳು. ನಾಲ್ಕು ಸುತ್ತಿಗೇ ನೀರು ಬುಳುಬುಳು ಎಂದು ಮೇಲೆ ಬಂತು. ಮಂಜುಗಡ್ಡೆ ನಾಲ್ಕು ಬೆರಳು ದಪ್ಪ ಇದ್ದರೆ ಹೆಚ್ಚು. ದಕ್ಷಿಣದ ಕಡೆ ಹೋಗಿ ಕೊರೆದಾಗ ಒಂದು ಮೊಳಕ್ಕೂ ಮಿಕ್ಕಿ ಗಟ್ಟಿಯಿತ್ತು.

"ಅಯ್ಯೋ ದೇವರೇ," ಎಂದ ಅಡುಗೆಯವನು, "ಮಕ್ಕಳೊಂದಿಗರು ಬೇರೆ ಇದಾರೆ ಶನಿವಾರದ ಗುಂಪಲ್ಲಿ."

ಆದರೆ ಎಲ್ಲರೂ ಬೆಚ್ಚಿದ್ದು ಇನ್ನೊಂದು ಸಂಗತಿಗೆ. ರಾಗ್ನಿ ಒಂದು ಟೊಂಗೆಯನ್ನು ಹಿಡಿದು ಎಳೆದಳು. ಅದು ಸಲೀಸಾಗಿ ಕೈಗೆ ಬಂತು. ಬುಡದ ಹಿಮ ಗೋರಿ ನೋಡಿದರೆ ಅಡಿಯ ಗಡ್ಡೆಯಲ್ಲಿ ತೂತೇ ಇರಲಿಲ್ಲ.

ಇಲ್ಲಿ ಟೊಂಗೆ ನೆಡುವವರು ಮೊದಲು ಬೈರಿಗೆಯಿಂದ ತೂತು ಕೊರೆಯುತ್ತಾರೆ. ಟೊಂಗೆ ನಿಲ್ಲುವುದಕ್ಕಷ್ಟೇ ಅಲ್ಲ. ಕೊರೆದಾಗ ಗಡ್ಡೆಯ ದಪ್ಪ ಗೊತ್ತಾಗುತ್ತದೆ. ಟೊಂಗೆ ನಿಂತಿದೆ ಎಂದರೆ ಅದರಡಿ ಯಾರೋ ಕೊರೆದು ನೋಡಿದ್ದಾರೆ ಎಂದೇ ಅರ್ಥ. ಬರಿಯ ಹಿಮಕ್ಕೆ ಚುಚ್ಚಿಟ್ಟ ಟೊಂಗೆಯನ್ನು ಅಂಚೆಯಾಕೆ ತನ್ನ ಜನ್ಮದಲ್ಲಿ ನೋಡಿರಲಿಲ್ಲವಂತೆ. ಅದನ್ನೂ ಪಂಚನಾಮೆಯಲ್ಲಿ ಸೇರಿಸಿಕೊಂಡರು.

ಹನ್ನೆರಡಕ್ಕೆ ಯೋರನ್‌ನ ವಿಚಾರಣೆ. ಅವನ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು.

"ಮಂಗಳವಾರ, ಬುಧವಾರ ಎಲ್ಲಿದ್ದೆ?"

"ಕೆಳಗೆ ಪೇಟೇಲಿ. ಹಲ್ಲು ಕೀಳ್ಸಿದೆ. ಡಾಕ್ಟರ್‌ಗೆ ಫೋನ್ ಮಾಡಿ ಕೇಳು."

"ರಾಗ್ನಿ ಮೇಲೆ ಸಿಟ್ಟಿದೆಯಲ್ಲ ನಿಂಗೆ?"

"ಇದೆ ಕಣಯ್ಯಾ, ಇಲ್ಲ ಅಂದ್ನಾ? ಅವಳ ನಾಯಿಗಳ ಬಾಯಿಗೆ ಬೀಗ ಹಾಕ್ಬೇಕು. ಆದ್ರೆ ಟೊಂಗೆ ಮುಟ್ಟೋದಾ? ನಾನೂ ಇಲ್ಲೇ ಹುಟ್ಟಿದೋನು." ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಹಲ್ಲಿನ ನೋವಿಗೋ ಅವಮಾನಕ್ಕೋ ಸಿವರ್ಟ್ ಕೇಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಾಗ ಮಾತು ನಿಜವಾಗಿತ್ತು.

ಆಗ ಟೋನೆ ಒಂದು ಮಾತು ತೆಗೆದಳು. "ಸರ್, ಆ ಟೊಂಗೆಗಳ ನಡುವಿನ ಅಂತರ ನೋಡಿದ್ರಾ? ಎಲ್ಲಾ ಒಂದೇ ಸಮ. ಆದ್ರೆ ರಾಗ್ನಿ ನೆಟ್ಟಿದ್ದ ಜಾಗದ ತೂತುಗಳು ಇಷ್ಟು ದೂರ ದೂರ ಇಲ್ಲ."

ರಾಗ್ನಿಯ ಅಂಗಳಕ್ಕೆ ಹೋಗಿ ಅವಳನ್ನು ಕೇಳಿದರು. "ನಾಯಿಗಳನ್ನ ಸಾಲಾಗಿ ಕಟ್ಟೋ ಎಳೆಹಗ್ಗದ ಅಳತೇಲಿ ನೆಡ್ತೀನಿ," ಎಂದಳು. "ಆರು ನಾಯಿ ಹಗ್ಗ. ಬಂಡಿಯವರೆಲ್ಲ ಹಾಗೇ ನೆಡೋದು."

"ಇದಕ್ಕಿಂತ ಉದ್ದದ ಹಗ್ಗ ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ. ಹತ್ತು ನಾಯಿ ಕಟ್ಟೋರು ಈಗ ಯಾರಿದಾರೆ?" ಎಂದವಳು ತಟ್ಟನೆ ತಿರುಗಿದಳು. ಕೊಟ್ಟಿಗೆಯ ಒಳಗೆ ಹೋಗಿ ಮೊಳೆಯಲ್ಲಿ ತೂಗುಹಾಕಿದ್ದ ಹಳೆಯ ಹಗ್ಗವೊಂದನ್ನು ತಂದಳು. "ನನ್ನದಲ್ಲ ಇದು. ಅಂಗಳ ಕೊಂಡಾಗ ಜೊತೆಗೆ ಬಂದಿದ್ದು. ಓಸ್ನೆ ಮತ್ತೆ ಐಲರ್ಟಜ್ಜಂದು, ಗಂಡ ಹೆಂಡ್ತಿ ಹತ್ತು ನಾಯಿ ಕಟ್ತಿದ್ರು."

ಮತ್ತೆ ಸರೋವರಕ್ಕೆ ಹೋಗಿ ಹಗ್ಗ ಹಾಸಿದರು. ಒಂದು ಟೊಂಗೆಯಿಂದ ಇನ್ನೊಂದಕ್ಕೆ ಸರಿಯಾಗಿ ಕೂತಿತು. ಮುಂದಿನದಕ್ಕೂ ಕೂತಿತು, ಅದರ ಮುಂದಿನದಕ್ಕೂ. ವರ್ಷಗಟ್ಟಲೆ ಆ ಹಗ್ಗದಲ್ಲೇ ಅಳೆದವರ ಹೆಜ್ಜೆಗೆ ಮಾತ್ರ ಬರುವ ಅಳತೆ ಅದು.

"ಅಜ್ಜ ಅಲ್ಲ," ಎಂದಳು ರಾಗ್ನಿ. "ಅಲ್ಲವೇ ಅಲ್ಲ. ನಂಗೆ ಬಂಡಿ ಹೊಡೆಯೋದು ಕಲಿಸಿದ್ದೇ ಅವರಿಬ್ರು."

ಅಷ್ಟರಲ್ಲಿ ಮಂಜು ಸ್ವಲ್ಪ ಸರಿಯಿತು. ಹೊಳೆಬಾಯಿಯ ಪಕ್ಕದ ಉತ್ತರ ದಂಡೆಯಲ್ಲಿ ಹಳದಿ ಬಣ್ಣದ ಕಟ್ಟಡವೊಂದು, ಅದರ ಕಿಟಕಿಗಳ ಸಾಲು, ಕನಸಿನಲ್ಲಿ ಕಂಡ ಹಾಗೆ ಮೆಲ್ಲಗೆ ತೋರಿತು. ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆ. ಟೊಂಗೆಗಳು ನೇರ ಅದರ ಕಿಟಕಿಗಳ ಕೆಳಗೇ ಹಾದುಹೋಗಿದ್ದವು.

"ಓಸ್ನೆ ಇರೋದು ಅಲ್ಲೇ ಅಲ್ವಾ?" ಎಂದಳು ಟೋನೆ.

ಮೂರೂವರೆಗೆ ಸಿವರ್ಟ್ ಟೋನೆಯ ಜೊತೆ ಆರೈಕೆ ಮನೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕಿಟಕಿಯ ಬಳಿ ಓಸ್ನೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎದುರಿಗೆ ಐಲರ್ಟ್.

"ಬಾಲ್ಡರ್ ಮುಂದಿರ್ಲಿ," ಎನ್ನುತ್ತಿದ್ದಳು ಆಕೆ. "ಪಕ್ಕಕ್ಕೆ ತುಸ್ಸಾ. ತುಸ್ಸಾನ ಪಾದ ವಾಸಿ ಆಯ್ತಾ?"

"ಆಯ್ತು."

"ಒಣಮೀನು ಕಟ್ಟಿದೀಯಾ?"

"ಕಟ್ಟಿದೀನಿ."

"ಹಾಗಾದ್ರೆ ಶನಿವಾರ ಹೊರಡೋದೇ."

ಬಾಲ್ಡರ್ ಎಂಬ ಆ ನಾಯಿ ಸತ್ತಾಗ ಸಿವರ್ಟ್‌ಗೆ ಇನ್ನೂ ಮೀಸೆ ಬಂದಿರಲಿಲ್ಲ. ಆದರೂ ಅವಳು ಹೇಳುವ ಧಾಟಿಗೆ ಅವನೂ ಕಿಟಕಿಯಾಚೆ ನೋಡಿದ. ಹತ್ತು ನಾಯಿಗಳು ಬಂದೇ ಬಿಟ್ಟವೇನೋ ಎಂದುಕೊಂಡ.

ಐಲರ್ಟ್ ಅವನನ್ನು ಕಂಡು, ತಾನಾಗಿಯೇ ಎದ್ದು ಮೊಗಸಾಲೆಗೆ ಬಂದ.

"ಟೊಂಗೆ ಕಿತ್ತು ನೆಟ್ಟಿದ್ದು ನೀವೇನಾ ಅಜ್ಜ?"

"ಹೌದು."

"ಯಾವಾಗ?"

"ನಿನ್ನೆ ಮಧ್ಯಾಹ್ನ. ಸ್ಕೀ ಹಾಕ್ಕೊಂಡು ಹೋದೆ. ಮಂಜಿತ್ತು, ಯಾರೂ ಇರಲಿಲ್ಲ."

"ಯಾಕೆ?"

ಐಲರ್ಟ್ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡಿದ. "ದಿನಾ ಬೆಳಗ್ಗೆ ಹೊರಡೋಕೆ ತಯಾರಿ ಮಾಡ್ತಾಳೆ. ದಿನಾ ನಾಳೆ ಅಂತೀನಿ. ಹೋದ ವಾರ ಅಳೋಕೆ ಶುರು ಮಾಡಿದ್ಲು, ನೀವೆಲ್ಲ ನನ್ನ ಬಿಟ್ಟು ಹೋಗಿಬಿಟ್ರಿ ಅಂತ. ಸಂಕಟ ತಡೀಲಾರ್ದೆ, ಶನಿವಾರ ನಾಯಿಗಳು ಇಲ್ಲೇ ಬರ್ತವೆ ಅಂತ ಮಾತು ಕೊಟ್ಬಿಟ್ಟೆ."

"ರಾಗ್ನೀನ ಕೇಳಬಹುದಿತ್ತು."

"ಕೇಳಿದ್ರೆ, ಐಸು ನೋಡಿ ಹೇಳ್ತೀನಿ ಅಂತಿದ್ಲು."

"ನೀವು ಯಾಕೆ ಕೊರೆದು ನೋಡ್ಲಿಲ್ಲ?"

"ಕೊರೆದಿದ್ರೆ ಗೊತ್ತಾಗಿಬಿಡ್ತಿತ್ತಲ್ಲ."

"ಹನ್ನೆರಡು ಜನ, ಅಜ್ಜ. ಇವತ್ತು ಬೆಳಗ್ಗೆ ರಾಗ್ನೀನೇ ಹೋಗಿದ್ಲು ಆ ದಾರೀಲಿ."

"ರಾಗ್ನಿಯಾ?" ಐಲರ್ಟ್ ಗೋಡೆ ಹಿಡಿದುಕೊಂಡ. "ಒಬ್ಬಳೇನಾ? ಬದುಕಿದಾಳಾ?"

"ನಾಯಿ ಕೂತುಬಿಡ್ತು. ಬದುಕಿದಾಳೆ."

ಮುದುಕ ಬೆಂಚಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಟೋನೆ ಮುಖ ತಿರುಗಿಸಿಕೊಂಡಳು. ಆದರೂ ಸಿವರ್ಟ್ ಬಂಧಿಸಲೇಬೇಕಿತ್ತು, ಬಂಧಿಸಿದ. ಬೇಡಿ ಹಾಕಲಿಲ್ಲ.

"ಅವಳಿಗೆ ಹೇಳಿ ಬರ್ಲಾ?" ಎಂದು ಐಲರ್ಟ್ ಕೇಳಿದ. ಸಿವರ್ಟ್ ತಲೆಯಾಡಿಸಿ ಅವನ ಹಿಂದೆಯೇ ಒಳಗೆ ಹೋದ.

"ಐಸು ನೋಡ್ಕೊಂಡು ಬರ್ತೀನಿ ಓಸ್ನೆ."

"ಬೈರಿಗೆ ತಗೊಂಡು ಹೋಗು," ಎಂದಳು ಆಕೆ. "ಹಿಮ ತುಳಿದು ನೋಡ್ಬಿಟ್ಟು ಗಟ್ಟಿ ಇದೆ ಅನ್ಬೇಡ. ಕೊರೆದು ನೋಡು."

"ಹೂಂ."

"ತೆಳ್ಳಗಿದ್ರೆ ಹೋಗೋದೇ ಬೇಡ. ನಂಗೇನು ಅವಸರ ಐಲರ್ಟ್? ನಾನು ಕಾಯ್ತೀನಿ."

ಬಂಧನದ ಹೊತ್ತು ನಾಲ್ಕು ಗಂಟೆ ಎಂದು ದಾಖಲಾಯಿತು. ಆರೋಪ, ಜನರ ಜೀವಕ್ಕೆ ಅಪಾಯ ತಂದದ್ದು. ಆರೋಪಿ ಎಲ್ಲವನ್ನೂ ಒಪ್ಪಿಕೊಂಡ. ತನ್ನ ಪರವಾಗಿ ಒಂದು ಮಾತನ್ನೂ ಬರೆಸಲಿಲ್ಲ. ಕಾರಣ ಕೇಳುವ ಕಡೆ ಸಿವರ್ಟ್ 'ಹೆಂಡತಿಗೆ ಕೊಟ್ಟ ಮಾತು' ಎಂದಷ್ಟೇ ಬರೆದು ಸಹಿ ಹಾಕಿದ. ಶುಕ್ರವಾರ ರಾಗ್ನಿ ದಕ್ಷಿಣ ದಂಡೆಗುಂಟ ಮತ್ತೆ ಕೊರೆದು ಟೊಂಗೆ ನೆಟ್ಟಳು. ಶನಿವಾರ ಆರು ಬಂಡಿಗಳೂ ಅದೇ ದಾರಿಯಲ್ಲಿ ಹೋಗಿ ಸುಖವಾಗಿ ಬಂದವು. ಆ ದಾರಿ ಉತ್ತರ ದಂಡೆಯ ಆರೈಕೆ ಮನೆಯ ಕಿಟಕಿಗಳಿಗೆ ಕಾಣುವುದಿಲ್ಲ. ಅಂದು ಓಸ್ನೆ ಬೆಳಗಿನಿಂದ ಸಂಜೆಯವರೆಗೂ ಕಿಟಕಿ ಬಿಟ್ಟು ಏಳಲಿಲ್ಲವಂತೆ. ಊಟಕ್ಕೆ ಕರೆಯಲು ಹೋದ ನರ್ಸ್‌ಗೆ, ಗಂಡ ಐಸು ನೋಡೋಕೆ ಹೋಗಿದಾನೆ, ತಡ ಆಗ್ತಿದೆ ಅಂದ್ರೆ ಸರಿಯಾಗಿ ನೋಡ್ತಿದಾನೆ ಅಂತ ಅರ್ಥ ಎಂದಳಂತೆ.