ಎದುರಾಳಿಯ ಮೂಲೆಯಲ್ಲಿ

"ಗೆಲ್ತಿದ್ದೆ ಕಣೋ ನಾನು... ಟವೆಲ್ ಯಾಕೆ ಎಸ್ದೆ?"

ಡ್ರೆಸ್ಸಿಂಗ್ ರೂಮಿನಲ್ಲಿ ಅವಳು ಅವನ ಕಾಲರ್ ಹಿಡಿದೇ ಕೇಳಿದಳು. ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ನಿಂತು ಅವಳಿಗೆ ನೀರು ಕೊಡುವವನು, ಬೆವರು ಒರೆಸುವವನು, ಅಪಾಯವೆನಿಸಿದರೆ ಟವೆಲ್ ಎಸೆದು ಆಟ ನಿಲ್ಲಿಸಬೇಕಾದವನು ಅವನೇ. ಮೊದಲೆರಡು ಸುತ್ತು ಅವಳದಾಗಿತ್ತು. ಕೊನೆಯ ಸುತ್ತು ಶುರುವಾಗುವ ಮೊದಲೇ ಅವನು ಸೋಲೊಪ್ಪಿಬಿಟ್ಟಿದ್ದ.

"ಗಂಟೆ ಹೊಡೆದಾಗ ನೀನು ನಮ್ಮ ಮೂಲೆಗೆ ಬರ್ಲಿಲ್ಲ, ಎದುರಾಳಿ ಮೂಲೆಗೆ ಹೋದೆ," ಎಂದ ಅವನು ಮೆಲ್ಲಗೆ. "ತಲೆಗೆ ಏಟು ಬಿದ್ದಿದೆ. ಆಸ್ಪತ್ರೆಗೆ ಹೋಗೋಣ ಬಾ."

"ಕಥೆ ಕಟ್ಬೇಡ."

ಅವಳಿಗೆ ಅಂಥದ್ದೇನೂ ನೆನಪಿರಲಿಲ್ಲ. ಇವನಿಗೆ ನನ್ನ ಮೇಲೆ ನಂಬಿಕೆಯೇ ಇಲ್ಲವಲ್ಲ... ಎಂಬುದೊಂದೇ ಮುಳ್ಳಿನಂತೆ ಚುಚ್ಚುತ್ತಿತ್ತು. ಮಾರನೆಯ ದಿನ ಕೋಚ್ ಬಳಿ ಹೋಗಿ, ಇನ್ನು ನನ್ನ ಮೂಲೆಯಲ್ಲಿ ಅವನು ಬೇಡ ಎಂದಳು. ತಲೆನೋವನ್ನು ಯಾರಿಗೂ ಹೇಳದೆ ಮುಂದಿನ ಪಂದ್ಯಕ್ಕೆ ಹೆಸರು ಕೊಟ್ಟಳು. ಹಟಕ್ಕೆ ಬಿದ್ದರೆ ಅವಳು ಹೆತ್ತಮ್ಮನ ಮಾತನ್ನೂ ಕೇಳುವವಳಲ್ಲ.

ಆ ಪಂದ್ಯ ಗೆದ್ದಿದ್ದ ಎದುರಾಳಿ ಅದೇ ವಾರ ಅವಳನ್ನು ನೋಡಲು ಬಂದಳು.

"ಹೇಗಿದ್ದೀರಿ? ನನಗೆ ನಿದ್ದೇನೇ ಬಂದಿಲ್ಲ. ಅವತ್ತು ನೀವು ನನ್ನ ಹತ್ರ ಬಂದು, ನೀರು ಕೊಡು ಅಂತ ಬಾಯಿ ತೆರೆದ್ರಿ. ಭುಜ ಹಿಡಿದು ತಿರುಗಿಸಿದೆ. ಅಪ್ಪಿಕೊಂಡ್ವಿ ಅಂದ್ಕೊಂಡು ಜನ ಚಪ್ಪಾಳೆ ಬೇರೆ ಹೊಡೆದ್ರು..."

ಗೆದ್ದವಳಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಅವಳು ಅವತ್ತೇ ಆಸ್ಪತ್ರೆಗೆ ಹೋದಳು.

"ಮಿದುಳಿಗೆ ಪೆಟ್ಟಾಗಿದೆ," ಎಂದರು ಡಾಕ್ಟರ್. "ಅದರ ಮೇಲೆ ಇನ್ನೊಂದು ಏಟು ಬಿದ್ದಿದ್ರೆ ಜೀವಕ್ಕೇ ಅಪಾಯ ಇತ್ತು. ನಿಲ್ಲಿಸಿದವರಿಗೆ ಕೈ ಮುಗೀರಿ."

ಅವಳು ನೇರ ಕ್ಲಬ್ಬಿಗೆ ಬಂದಳು. ಅವನು ಒಬ್ಬನೇ ಗ್ಲೌಸ್‌ಗಳನ್ನು ಗಾಳಿಗೆ ಹರವುತ್ತಿದ್ದ. ಇವನಿಲ್ಲದಿದ್ದರೆ ಇವತ್ತು ಈ ಬಾಗಿಲಲ್ಲಿ ನಿಲ್ಲಲು ತಾನೇ ಇರುತ್ತಿರಲಿಲ್ಲವೇನೋ.

"ತಪ್ಪಾಯ್ತು ಕಣೋ. ಜೀವ ಉಳಿಸಿದವನನ್ನೇ ದೂರ ಮಾಡಿದೆ. ನಾನು ಗೆಲ್ಲಲ್ಲ ಅಂತ ನೀನು ಅಂದ್ಕೊಂಡೆ ಅನ್ನಿಸ್ತು..."

"ಗೆಲ್ತೀಯ ಅಂತ ಗೊತ್ತಿತ್ತು. ಗೆದ್ದಾದ ಮೇಲೆ ನಿನಗೆ ನನ್ನ ಗುರುತೇ ಸಿಗದೆ ಹೋಗಿದ್ರೆ? ಆ ಪದಕ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ನೀನು ಬೇಕಿತ್ತು."

ಇಷ್ಟು ದಿನ ಬಾಯಿಗೆ ಬಾರದಿದ್ದ ಮಾತು ಅಂತೂ ಹೊರಬಿದ್ದಿತ್ತು. ಅವಳು ಕಣ್ಣೊರೆಸಿಕೊಂಡಳು.

"ಸದ್ಯಕ್ಕೆ ರಿಂಗ್ ಹತ್ತಬಾರದಂತೆ. ಅಲ್ಲೀವರೆಗೂ ಯಾರ ಜೊತೆ ಗುದ್ದಾಡ್ಲಿ?"

"ನಾನಿದ್ದೀನಲ್ಲ."

"ಕೊನೆವರೆಗೂ ಇರ್ತೀಯಾ?"

"ಇರ್ತೀನಿ ಕಣೇ. ತಲೆಗೆ ಮಾತ್ರ ಹೊಡೀಬೇಡ."