ಆರನೇ ಮಹಡಿಯ ಆಂಟೆನಾ

"ಅಯ್ಯೋ! ಯಾರ್ರೀ ಅದು? ಬೀಳ್ತೀರಾ!"

ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಬೀಗದ ಕೈ ನೆಲಕ್ಕೆ ಬಿತ್ತು.

ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಆಗಷ್ಟೇ ಮನೆಗೆ ಬಂದಿದ್ದಳು. ಈ ಆರನೇ ಮಹಡಿಗೆ ಬಂದಾಗಿನಿಂದ ಒಮ್ಮೆಯೂ ತೆರೆಯದಿದ್ದ ಬಾಲ್ಕನಿ ಬಾಗಿಲು ಇಂದು ಹಾರು ಹೊಡೆದಿತ್ತು. ಅಲ್ಲೊಬ್ಬ ಗಂಡಸು ನಿಂತಿದ್ದ... ಕಂಬಿಯ ಒಳಗಲ್ಲ, ಕಂಬಿಯ ಆಚೆ! ಸಿಮೆಂಟಿನ ಅಂಚಿನ ಮೇಲೆ ಮುಂಗಾಲು ಮಾತ್ರ. ಬೆನ್ನ ಹಿಂದೆ ಬರೀ ಗಾಳಿ. ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು, ಉದ್ದನೆಯ ಕಬ್ಬಿಣದ ಕೊಳವೆಯೊಂದನ್ನು ಕಂಬಿಗೆ ಬಿಗಿಯುತ್ತಿದ್ದ.

"ಕಿರುಚಬೇಡ ಕಣೇ! ನಿನ್ನ ಕೂಗಿಗೇ ಅವನು ಬಿದ್ದಾನು!" ಎಂದ ಅಪ್ಪ, ವೀಲ್‌ಚೇರ್‌ನಲ್ಲಿ ಕೂತು, ಹಬ್ಬದೂಟದ ಮುಂದೆ ಕೂತ ಮಗುವಿನಂತೆ ನಗುತ್ತಾ.

ಬಾಲ್ಕನಿ ಬಾಗಿಲ ಹೊಸ್ತಿಲ ತನಕ ಬಂದವಳು ಅಲ್ಲೇ ನಿಂತಳು. ಅದರಾಚೆ ಒಂದು ಹೆಜ್ಜೆಯೂ ಅವಳಿಂದ ಆಗದು.

ಆತ ಸ್ಪ್ಯಾನರ್ ಕೈಗೆ ತೆಗೆದುಕೊಂಡು ಸಮಾಧಾನದಿಂದ ಹೇಳಿದ. "ಹೆದರಬೇಡಿ ಮೇಡಂ. ಹಗ್ಗ ಇದೆ ನೋಡಿ." ಸೊಂಟದ ಹಳದಿ ಹಗ್ಗವನ್ನು ಎಳೆದು ತೋರಿಸಿದ. ಅದರ ಇನ್ನೊಂದು ತುದಿಯನ್ನು ಕಿಟಕಿಯ ಗ್ರಿಲ್ಲಿಗೆ ಕಟ್ಟಿದ್ದ. "ಇದು ಇಲ್ದೆ ನಾನು ಒಂದು ಕಾಲೂ ಆಚೆ ಇಡಲ್ಲ."

"ಮೊದಲು ಒಳಗೆ ಬನ್ನಿ! ದಮ್ಮಯ್ಯ... ಒಳಗೆ ಬನ್ನಿ!"

ಅವಳ ಧ್ವನಿಯಲ್ಲಿದ್ದದ್ದು ಸಿಟ್ಟಲ್ಲ, ಬೇರೇನೋ ಎಂದು ಆತನಿಗೆ ಆ ಕ್ಷಣವೇ ತಿಳಿಯಿತು. ಕೂಡಲೇ ಕಂಬಿ ದಾಟಿ ಒಳಗೆ ಬಂದ.

ಹೇಗೆ ಹೇಳಲಿ ನಿಮಗೆ? ಅವಳಿಗೆ ಹನ್ನೊಂದು ವರ್ಷವಿದ್ದಾಗ, ಹಳೆಯ ಮನೆಯ ಬಾಲ್ಕನಿಯಲ್ಲಿ, ಒಣಹಾಕಿದ್ದ ಅವಳ ಶಾಲೆಯ ಅಂಗಿ ಗಾಳಿಗೆ ಹಾರಿ ಕಂಬಿಯಾಚೆ ಸಿಕ್ಕಿಕೊಂಡಿತ್ತು. "ಅಮ್ಮಾ, ನನ್ನ ಅಂಗಿ!" ಎಂದು ಕೂಗಿದ್ದು ಅವಳೇ. ಅಮ್ಮ ಸ್ಟೂಲು ಹತ್ತಿ, ಬಗ್ಗಿ, ಕೈ ಚಾಚಿದ್ದಳು... ಅಷ್ಟೇ. ಅಂದಿನಿಂದ ಈ ಹುಡುಗಿ ಯಾವ ಬಾಲ್ಕನಿಗೂ ಕಾಲಿಟ್ಟಿಲ್ಲ. ಲಾರಿ ಕಂಪನಿಯವರು ಅಪ್ಪನಿಗೆ ಕೊಟ್ಟ ಮನೆ ಆರನೇ ಮಹಡಿಯಲ್ಲಿತ್ತು, ಬೇಡವೆನ್ನುವ ಹಾಗಿರಲಿಲ್ಲ. ಬಂದ ದಿನವೇ ಬಾಲ್ಕನಿ ಬಾಗಿಲಿಗೆ ಬೀಗ ಹಾಕಿದ್ದಳು. ಬಟ್ಟೆಗಳು ಹಾಲ್‌ನಲ್ಲೇ ಒಣಗುತ್ತಿದ್ದವು.

ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವನು. ಬೆನ್ನುಮೂಳೆಗೆ ಪೆಟ್ಟಾಗಿ ಕೂತ ಮೇಲೆ ಅವನಿಗೆ ಉಳಿದದ್ದು ಹಳೆಯ ಸಿ.ಬಿ. ರೇಡಿಯೋ ಒಂದೇ, ಅಂದರೆ ಲಾರಿಯವರು ದಾರಿಯಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಪೆಟ್ಟಿಗೆ. ಆಂಟೆನಾ ಇಲ್ಲದೆ ಅದು ಮೂಕವಾಗಿತ್ತು. ಮಗಳು ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ, ಅವಳು ಕೆಲಸಕ್ಕೆ ಹೋದಾಗ ಗುಟ್ಟಾಗಿ ಈ ಆಂಟೆನಾ ಮಿಸ್ತ್ರಿಯನ್ನು ಕರೆಸಿ, ಬಾಲ್ಕನಿಯ ಬೀಗ ತೆಗೆಸಿದ್ದ.

"ರೇಡಿಯೋದಲ್ಲಿ ಇವನ ಹೆಸರು 'ಏಣಿ' ಕಣೇ," ಎಂದ ಅಪ್ಪ. "ನನ್ನ ಹೆಸರು 'ದೊಡ್ಡ ಹಾರ್ನ್'. ನಿನಗೂ ಒಂದು ಇಡೋಣ್ವಾ?"

"ನನಗೇನೂ ಬೇಡ. ಆ ಬಾಗಿಲು ಹಾಕಿ."

ಏಣಿ ಈಗ ಕಂಬಿಯ ಒಳಗೇ ನಿಂತು, ಕೊಳವೆಯನ್ನು ಹಿಡಿದ ಕ್ಲ್ಯಾಂಪಿನ ನಟ್ಟನ್ನೂ, ಆಂಟೆನಾದ ಬುಡದಿಂದ ಕಂಬಿಗೆ ಬಂದ ತಂತಿಯ ನಟ್ಟನ್ನೂ ಕೊನೆಯದಾಗಿ ಬಿಗಿದ. ಎರಡರ ಮೇಲೂ ಕೆಂಪು ಬಣ್ಣದಲ್ಲಿ ಒಂದೊಂದು ಗೀಟು ಎಳೆದ.

"ಅದೇನು, ಬೊಟ್ಟಿಡ್ತಿದೀರಾ?" ಭಯದ ನಡುವೆಯೂ ಅವಳ ಬಾಯಿಂದ ಮಾತು ಬಂದೇಬಿಟ್ಟಿತು.

ಆತ ನಕ್ಕ. "ನಟ್ಟು ತಿರುಗಿದ್ರೆ ಗೀಟು ಮುರಿಯುತ್ತೆ ಮೇಡಂ. ಸಡಿಲ ಆಗಿದೆ ಅಂತ ದೂರದಿಂದ್ಲೇ ಗೊತ್ತಾಗುತ್ತೆ. ತಂತಿ ಸಡಿಲ ಆದ್ರೆ ಮಾತು ಹೊರಗೆ ಹೋಗಲ್ಲ, ವಾಪಸ್ ಬಂದು ರೇಡಿಯೋನೇ ಸುಡುತ್ತೆ. ಕ್ಲ್ಯಾಂಪು ಸಡಿಲ ಆದ್ರೆ..." ಎಂದವನು ಅವಳ ಮುಖ ನೋಡಿ ಮಾತು ನುಂಗಿದ. "ಏನೂ ಆಗಲ್ಲ ಬಿಡಿ."

ಆ ಸಂಜೆ ಪೆಟ್ಟಿಗೆ ಗರಗರ ಎಂದಿತು. "ದೊಡ್ಡ ಹಾರ್ನ್! ಬದುಕಿದೀಯೇನಯ್ಯಾ ಇನ್ನೂ?" ಎಂದು ಹೆದ್ದಾರಿಯಿಂದ ಯಾರೋ ಕೂಗಿದರು. ಅಪ್ಪನ ಕಣ್ಣಲ್ಲಿ ನೀರು ಬಂತು. ಅವಳು ಬಾಗಿಲಿಗೆ ಬೀಗ ಹಾಕಲು ಹೋದವಳು ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡಳು.

ನಾಲ್ಕೇ ದಿನ. ರೇಡಿಯೋ ಮತ್ತೆ ಮೂಕವಾಯಿತು. ಏಣಿ ಬಂದ. ಮಾತು ವಾಪಸ್ ಬರುತ್ತಿದೆಯೇ ಎಂದು ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹೋದದ್ದನ್ನು ನೋಡಿದ, ನಟ್ಟು ನೋಡಿದ, ಅಪ್ಪನ ಮುಖವನ್ನೂ ನೋಡಿದ. ಏನೂ ಹೇಳದೆ ಬಿಗಿದು, ಹೊಸ ಗೀಟು ಎಳೆದು, ಅವಳು ಕೊಟ್ಟ ಚಹಾ ಕುಡಿದು ಹೋದ.

ಹೋಗುವಾಗ ಕೇಳಿದ್ದ. "ಮೇಡಂ, ನಿಮಗೆ ಎತ್ತರ ಅಂದ್ರೆ ಭಯಾನಾ?"

"ಎತ್ತರ ಅಲ್ಲ... ಬೀಳೋದು."

"ನನಗೂ ಭಯಾನೇ. ಅದಕ್ಕೇ ಹಗ್ಗ ಕಟ್ಟೋದು. ಭಯ ಇಲ್ದೋನು ಈ ಕೆಲಸಕ್ಕೆ ಬರಬಾರ್ದು."

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಮರುದಿನ ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸಿ ಬೈಸಿಕೊಂಡಳು. ಅವನು ಈಗ ಯಾವ ಮಹಡಿಯಲ್ಲಿ ನೇತಾಡುತ್ತಿದ್ದಾನೋ... ಹಗ್ಗ ಕಟ್ಟಿದ್ದಾನೋ ಇಲ್ಲವೋ... ಛೇ! ನನಗ್ಯಾಕೆ ಆ ಉಸಾಬರಿ?

ಆದರೆ ಭಯ ಸುಮ್ಮನಿರುತ್ತದೆಯೇ? ಪ್ರೀತಿ ಮೂಡುವ ಮೊದಲೇ ಅವಳಲ್ಲಿ ಭಯ ಚಿಗುರಿತ್ತು. ಇವನನ್ನು ಹಚ್ಚಿಕೊಂಡರೆ ದಿನವೂ ಸಾಯಬೇಕು. ಒಮ್ಮೆ ಕಳೆದುಕೊಂಡದ್ದು ಸಾಲದೇ?

ರೇಡಿಯೋ ಮತ್ತೆ ಕೆಟ್ಟು ಏಣಿ ಮೂರನೆಯ ಸಲ ಬಂದು ನಿಂತಾಗ ಅವಳಲ್ಲಿ ಆ ಭಯವೆಲ್ಲ ಸಿಟ್ಟಾಗಿ ಉಕ್ಕಿತು.

"ಏನ್ರೀ ನಿಮ್ಮ ಕೆಲಸ? ವಾರಕ್ಕೊಂದ್ಸಲ ಸಡಿಲ ಆಗೋಕೆ ಅದೇನು ಮುದುಕನ ಹಲ್ಲಾ? ಅಪ್ಪ ಒಂಟಿಯಾಗಿದಾರೆ ಅಂತ ಬೇಕುಬೇಕೂಂತ್ಲೇ ಹೀಗೆ ಮಾಡ್ತಿದೀರಾ? ಅಥವಾ... ನನ್ನ ನೋಡೋಕೆ ನೆಪಾನಾ ಇದು?"

ಆತನ ಮುಖ ಬಿಳಿಚಿಕೊಂಡಿತು. ಅಪ್ಪನ ಕಡೆ ಒಮ್ಮೆ ನೋಡಿದ. ಅಪ್ಪ ತಲೆ ತಗ್ಗಿಸಿದ.

"ನನ್ನ ಕೈ ಸಡಿಲ ಇಲ್ಲ ಮೇಡಂ," ಎಂದಷ್ಟೇ ಹೇಳಿದ. ನಟ್ಟು ಬಿಗಿದು, ಗೀಟು ಎಳೆದು, ಚಹಾ ಮುಟ್ಟದೆ ಹೊರಟುಹೋದ. ಹಳದಿ ಹಗ್ಗ ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿಯಿತು.

ಅವಳು ಅದನ್ನು ಸುತ್ತಿ ಬೀರುವಿನಲ್ಲಿಟ್ಟಳು. ಇಟ್ಟಮೇಲೆ ನಿದ್ದೆ ಹಾರಿತು. ಹಗ್ಗ ಇಲ್ಲಿದೆ... ಹಾಗಾದರೆ ಅವನು? ಫೋನ್ ಮಾಡಲೇ? ಯಾವ ಮುಖ ಇಟ್ಟುಕೊಂಡು ಮಾಡಲಿ? ಹತ್ತು ದಿನ ಹೀಗೇ ಕಳೆದವು. ಅವನ ಸುಳಿವಿಲ್ಲ.

ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು.

ಮೊದಲು ಕಿಟಕಿಗಳು ಬಡಿದುಕೊಂಡವು. ಆಮೇಲೆ ಬಾಲ್ಕನಿಯಿಂದ 'ಕಿರ್‍ರ್...' ಎಂದು ಕಬ್ಬಿಣ ನರಳಿದ ಸದ್ದು. ಅವಳು ಬಾಗಿಲು ತೆರೆದಳು.

ಆಂಟೆನಾದ ಕೊಳವೆ ಬೀದಿಯ ಕಡೆಗೆ ವಾಲಿತ್ತು. ಪ್ರತಿ ಗಾಳಿಗೂ ಇನ್ನಷ್ಟು ವಾಲುತ್ತಿತ್ತು. ಕ್ಲ್ಯಾಂಪಿನ ಮೇಲಿನ ಕೆಂಪು ಗೀಟು ಎರಡು ತುಂಡಾಗಿತ್ತು. ನೇರ ಕೆಳಗೆ ಗೇಟು. ಬಸ್ಸಿಳಿದ ಜನ ತಲೆ ತಗ್ಗಿಸಿ ಸಾಲಾಗಿ ಒಳಗೆ ಬರುತ್ತಿದ್ದರು.

"ಅಪ್ಪಾ! ಕಳಚಿಕೊಳ್ತಿದೆ!"

ಅಪ್ಪ ಹಣೆ ಚಚ್ಚಿಕೊಂಡ. "ನಾನೇ... ನಾನೇ ಸಡಿಲ ಮಾಡಿದ್ದು ಕಣೇ! ಅವನು ಬಂದು ಹೋಗ್ತಿರ್ಲಿ, ನೀವಿಬ್ರೂ ನಾಲ್ಕು ಮಾತಾಡ್ಲಿ ಅಂತ... ಬರೀ ತಂತಿ ನಟ್ಟು ಬಿಚ್ತಿದ್ದೆ. ನೀನು ಬೈದು ಕಳಿಸಿದ ಮೇಲೆ ಮತ್ತೆ ಕರೆಸೋಣ ಅಂತ ಮೊನ್ನೆ ಬಿಚ್ಚೋಕೆ ಹೋದೆ. ಎರಡೂ ನಟ್ಟು ಒಂದೇ ಅಳತೆ, ಕಣ್ಣು ಬೇರೆ ಮಂಜು... ಅಯ್ಯೋ, ಯಾವುದನ್ನ ತಿರುಗಿಸಿದ್ನೋ!"

"ಅವರಿಗೆ ಗೊತ್ತಿತ್ತಾ?"

"ಮೊದಲ ಸಲ ರಿಪೇರಿಗೆ ಬಂದಾಗ್ಲೇ ಗೀಟು ನೋಡಿ ತಿಳ್ಕೊಂಡ. ನನ್ನ ಮಾನ ಉಳಿಸೋಕೆ ಬಾಯಿ ಬಿಡ್ಲಿಲ್ಲ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಅಳುವುದಕ್ಕೆ ಸಮಯವೆಲ್ಲಿ? ಕೊಳವೆ ಮತ್ತೆ ನರಳಿತು.

ಅಪ್ಪ ಮೈಕು ಕಿತ್ತುಕೊಂಡು ಗುಂಡಿ ಒತ್ತಿದ. "ಏಣಿ! ಏಣಿ! ದೊಡ್ಡ ಹಾರ್ನ್ ಮಾತಾಡ್ತಿದೀನಿ! ಆಂಟೆನಾ ಬೀಳ್ತಿದೆ, ಓಡಿ ಬಾಪ್ಪಾ!"

"ಎರಡು ಬೀದಿ ಆಚೆ ಇದೀನಿ," ಕೊರಕೊರ ಸದ್ದಿನ ನಡುವೆ ಅವನ ವ್ಯಾನಿನ ರೇಡಿಯೋದಿಂದ ಧ್ವನಿ ಬಂತು. "ಬಂದೆ."

ಎರಡು ಬೀದಿ. ಆರು ಮಹಡಿ. ಅಷ್ಟು ಹೊತ್ತು ಕೊಳವೆ ನಿಲ್ಲುವುದಿಲ್ಲ.

ಅವಳು ಹೊಸ್ತಿಲನ್ನು ನೋಡಿದಳು. ಅಮ್ಮಾ... ಕಣ್ಣು ಮುಚ್ಚಿ ಕಾಲು ಆಚೆ ಇಟ್ಟಳು! ಇನ್ನೊಂದು ಹೆಜ್ಜೆ. ಕಂಬಿಗೆ ಎದೆಯಾನಿಸಿ ಎರಡೂ ಕೈಯಲ್ಲಿ ಕೊಳವೆಯನ್ನು ತಬ್ಬಿ ಹಿಡಿದಳು. ಗಾಳಿ ಅದನ್ನು ಎಳೆಯಿತು, ಅದು ಅವಳನ್ನೆಳೆಯಿತು. ಕಣ್ಣು ಬಿಡಲಿಲ್ಲ. ಬಿಟ್ಟರೆ ಕೆಳಗಿನ ಬೀದಿ ಕಾಣುತ್ತದಲ್ಲ...

ಎಷ್ಟು ಹೊತ್ತಾಯಿತೋ. ಮುಂಬಾಗಿಲು ದಢಾರನೆ ತೆರೆದ ಸದ್ದು, ಏದುಸಿರು.

"ಬಂದೆ ಮೇಡಂ! ಬಿಡಬೇಡಿ, ಹಾಗೇ ಹಿಡ್ಕೊಳ್ಳಿ!"

ಆತ ಒಂದು ಕಾಲು ಕಂಬಿಯ ಮೇಲಿಟ್ಟದ್ದು ಅವಳಿಗೆ ತಿಳಿಯಿತು. ಥಟ್ಟನೆ ಕಣ್ಣು ಬಿಟ್ಟಳು.

"ಹಗ್ಗ! ಹಗ್ಗ ಎಲ್ಲಿ?"

"ಟೈಮಿಲ್ಲ!"

"ಬೀರುವಿನಲ್ಲಿದೆ, ನಿಮ್ಮದೇ! ಅಪ್ಪಾ, ಹಳದಿ ಹಗ್ಗ ಎಸೀರಿ! ಕಟ್ಟದೆ ಆಚೆ ಹೋದ್ರೆ ನನ್ನಾಣೆ!"

"ನಾನು ನಟ್ಟು ಬಿಚ್ಚಿದ್ದಕ್ಕೇ ಇದೆಲ್ಲ!" ಎಂದು ಗೋಳಾಡುತ್ತಾ ಅಪ್ಪ ಒಂದು ಕೈಯಲ್ಲಿ ಮೈಕು ಹಿಡಿದೇ ಗಾಲಿ ಉರುಳಿಸಿ ಹಗ್ಗ ಎಸೆದ. ಏಣಿ ಸೊಂಟಕ್ಕೊಂದು ಗಂಟು, ಗ್ರಿಲ್ಲಿಗೊಂದು ಗಂಟು ಹಾಕಿ ಕಂಬಿ ದಾಟಿದ. ಕೊಳವೆಗೆ ಭುಜ ಕೊಟ್ಟು ಎತ್ತಿದ. ಭಾರ ಅವನ ಮೇಲೆ ಹೋಗುತ್ತಿದ್ದಂತೆ ಅವಳು ಎರಡೂ ಕೈಯಲ್ಲಿ ಹಗ್ಗವನ್ನು ಬಿಗಿಹಿಡಿದಳು.

ಗಾಳಿ ಒಮ್ಮೆ ಜೋರಾಗಿ ಬೀಸಿತು. ಅವನ ಕಾಲು ಜಾರಿತು!

ಹಗ್ಗ ಅವಳ ಅಂಗೈ ಸುಟ್ಟಿತು. ಅವಳು ಬಿಡಲಿಲ್ಲ.

"ಬೀಳಬೇಡ್ರೀ! ಅಮ್ಮನ್ನ ಹಿಡ್ಕೊಳ್ಳೋಕೆ ಆಗ್ಲಿಲ್ಲ ನನಗೆ... ನಿಮ್ಮನ್ನ ಬಿಡಲ್ಲ! ನಿಮ್ಮನ್ನ ಬೈದಿದ್ದು ಸಿಟ್ಟಿಂದಲ್ಲ, ಭಯದಿಂದ! ಇಷ್ಟಪಟ್ಟೋರೆಲ್ಲ ಬಿದ್ದುಹೋಗ್ತಾರೆ ಅನ್ನೋ ಭಯ! ನೀವು ಹೋದ್ರೆ ನಾನು ಬದುಕಲ್ಲ!"

ಆತ ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡ. ಮುಂಗಾಲು ಮತ್ತೆ ಅಂಚಿಗೆ ಊರಿ, ಸ್ಪ್ಯಾನರ್ ಹಾಕಿ ಒಂದೊಂದೇ ಸುತ್ತು ಬಿಗಿದ. ಕೊಳವೆ ನೆಟ್ಟಗೆ ನಿಂತಿತು. ಕಂಬಿ ದಾಟಿ ಒಳಗೆ ಬಂದವನೇ ಅವಳೆದುರು ನೆಲದ ಮೇಲೆ ಕುಸಿದು ಕೂತ.

"ಹಗ್ಗ ಯಾಕೆ ಬಿಟ್ಟು ಹೋದ್ರಿ?" ಅವಳು ಬಿಕ್ಕಿದಳು. "ಹತ್ತು ದಿನ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ!"

"ಹೊಸ ಹಗ್ಗ ತಗೊಂಡಿದೀನಿ, ಇವತ್ತು ಓಡೋ ಗಾಬರೀಲಿ ವ್ಯಾನಲ್ಲೇ ಉಳೀತು. ಇದನ್ನ..." ಆತ ತಲೆ ತಗ್ಗಿಸಿದ. "ಇದನ್ನ ಬೇಕೂಂತ್ಲೇ ಬಿಟ್ಟೆ. ಮತ್ತೆ ಬರೋಕೆ ಒಂದು ನೆಪ ಇರ್ಲಿ ಅಂತ. ಬರೋಕೆ ಮಾತ್ರ ಧೈರ್ಯ ಸಾಲಲಿಲ್ಲ. ನೀವು ಅವತ್ತು ಕೇಳಿದ್ರಲ್ಲ, ನಿಮ್ಮ ನೋಡೋಕೆ ನೆಪಾನಾ ಅಂತ... ಅದೊಂದು ಮಾತು ನಿಜ."

ಆಗಲೇ ಅವಳ ಕಣ್ಣು ಅಪ್ಪನ ಕೈ ಮೇಲೆ ಬಿತ್ತು. ಭಯಕ್ಕೆ ಬಿಗಿದುಕೊಂಡಿದ್ದ ಆ ಮುಷ್ಟಿಯಲ್ಲಿ ಮೈಕು. ಹೆಬ್ಬೆರಳು ಗುಂಡಿಯನ್ನು ಒತ್ತಿಯೇ ಇತ್ತು, ಅಂದರೆ ಇಲ್ಲಿ ಆಡಿದ್ದೆಲ್ಲ ಹೆದ್ದಾರಿಗೂ ಕೇಳಿಸಿತ್ತು!

"ಅಪ್ಪಾ! ಗುಂಡಿ ಬಿಡಿ!"

ಅಪ್ಪ ಬೆಚ್ಚಿ ಬೆರಳೆತ್ತಿದ. ಅಷ್ಟೇ! ತಡೆದುಕೊಂಡಿದ್ದ ಧ್ವನಿಗಳೆಲ್ಲ ಪೆಟ್ಟಿಗೆಯಿಂದ ಒಟ್ಟಿಗೆ ನುಗ್ಗಿದವು.

"ಹುಡುಗ ಬದುಕಿದಾನಾ? ಯಾರಾದ್ರೂ ಹೇಳ್ರಯ್ಯಾ! ಲಾರಿ ಪಕ್ಕಕ್ಕೆ ಹಾಕಿ ಕೂತಿದೀನಿ!"

"ಅಳ್ತಿದಾಳೆ ಕಣಯ್ಯಾ ಹುಡುಗಿ! ಏ ಏಣಿ, ಬಾಯಲ್ಲಿ ಕಡುಬಿದೆಯಾ? ನೆಟ್ಟಗೆ ಉತ್ತರ ಕೊಡೋ!"

"ದೊಡ್ಡ ಹಾರ್ನ್, ಇನ್ನೊಂದು ಸಲ ನಟ್ಟು ಮುಟ್ಟಿದ್ರೆ ನಾವೇ ಬಂದು ನಿನ್ನ ಕೈ ಕಟ್ತೀವಿ!"

ಅವಳು ನಾಚಿಕೆಯಿಂದ ಸುಟ್ಟ ಅಂಗೈಗಳಲ್ಲೇ ಮುಖ ಮುಚ್ಚಿಕೊಂಡಳು. ಊರಿಗೆಲ್ಲ ಡಂಗುರ ಆಗಿಹೋಯಿತಲ್ಲಪ್ಪಾ! ಆದರೆ ಆ ನಾಚಿಕೆಯ ಅಡಿಯಲ್ಲಿ ಇನ್ನೇನೋ ಹಗುರಾಗಿತ್ತು. ತಾನು ಕೂತಿರುವುದು ಬಾಲ್ಕನಿಯಲ್ಲಿ ಎಂದು ಅವಳಿಗೆ ಆಗ ಹೊಳೆಯಿತು.

ಏಣಿ ಅವಳ ಕೈಗಳನ್ನು ಮೆಲ್ಲಗೆ ತೆಗೆದು ಅಂಗೈ ನೋಡಿದ. ಕೆಂಪಗೆ ಒಂದೊಂದು ಗೀಟು.

"ನೋಡಿ, ನಿಮಗೂ ಗೀಟು ಬಿತ್ತು," ಎಂದ. "ನಾನು ಈ ಕೆಲಸ ಬಿಡೋಕಾಗಲ್ಲ. ನಿಮ್ಮ ಭಯ ಪೂರ್ತಿ ಹೋಗುತ್ತೆ ಅಂತಾನೂ ಹೇಳಲ್ಲ."

"ಹೋಗೋದು ಬೇಡ. ಭಯ ಇಲ್ದೋರು ಈ ಕೆಲಸಕ್ಕೆ ಬರಬಾರ್ದು ಅಂತ ನೀವೇ ಹೇಳಿದ್ರಲ್ಲ?" ಅವಳು ಅಳುತ್ತಲೇ ನಕ್ಕಳು. "ದಿನಾ ಹಗ್ಗ ಕಟ್ತೀರಾ?"

"ಕಟ್ತೀನಿ. ಈ ಹಳದಿಯದ್ದೇ ಕಟ್ತೀನಿ. ಆದ್ರೆ ಇನ್ನೊಂದು ತುದಿ ಯಾರ ಹತ್ರ ಕೊಡ್ಲಿ?"

ಅವಳು ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಹತ್ರ," ಎಂದಳು.